ಗ್ಯಾಸಿನ ಡಬ್ಬಿಗೆ ನಾನು ಹೇಳಿದ ಸಾಕ್ಷಿ

ಸುಳ್ಳು ಹೇಳಿದವನು ನಾನು, ಬಸವರಾಜನಲ್ಲ. ಇಳಕಲ್ಲಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇವತ್ತಿಗೂ ಯಾರಾದರೂ ‘ಗ್ಯಾಸ್ ಡಬ್ಬಿ ಬಸ್ಯಾ’ ಎಂದು ನಕ್ಕರೆ ಆ ನಗೆ ಸಲ್ಲಬೇಕಾದದ್ದು ನನಗೆ — ಅವನ ಅಕ್ಕನ ಗಂಡನಿಗೆ, ಇಡೀ ಆಯುಷ್ಯ ಸ್ಟೇರಿಂಗು ಹಿಡಿದು, ‘ಸುಳ್ಳು ಆಡದ ಮನುಷ್ಯ’ ಎಂದು ಹೆಸರು ಗಳಿಸಿಕೊಂಡ ಈ ಡ್ರೈವರನಿಗೆ.

ಬಸವರಾಜ ನನ್ನ ಹೆಂಡತಿ ಮಹಾದೇವಿಯ ಒಬ್ಬನೇ ತಮ್ಮ. ಮನೆಯಲ್ಲಿ ಎಲ್ಲರಿಗೂ ಬಸು. ಸೀರೆ ನೇಯುವ ಪವರ್‌ಲೂಮುಗಳ ಮೋಟಾರು ಸುಟ್ಟರೆ ಊರಿನವರು ಅವನನ್ನೇ ಕರೆಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಡೀಸೆಲ್ ದರ ಏರುತ್ತಲೇ ಇತ್ತು. ಎಲ್ಲಿ ಓದಿದನೋ, ಯಾರು ತಲೆಗೆ ತುಂಬಿದರೋ — ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ಟೀಲಿನ ತಗಡುಗಳನ್ನು ಜೋಡಿಸಿ, ಕಾಸ್ಟಿಕ್ ಸೋಡಾ ಬೆರೆಸಿದ ನೀರು ತುಂಬಿ, ಗಾಡಿಯ ಬ್ಯಾಟರಿಗೆ ವೈರು ಕೊಟ್ಟ. ನೀರಿನಲ್ಲಿ ಗುಳ್ಳೆ ಎದ್ದವು. ಅದು ಹೈಡ್ರೋಜನ್, ಅದನ್ನು ಪೈಪಿನಿಂದ ಇಂಜಿನ್ನಿಗೆ ಬಿಟ್ಟರೆ ಡೀಸೆಲ್ ಪೂರ್ತಿ ಉರಿದು ಆವರೇಜು ಹೆಚ್ಚುತ್ತದೆ ಎಂದ. ಲೀಟರಿಗೆ ಗಾಡಿ ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ನಾವು ಆವರೇಜು ಅನ್ನುತ್ತೇವೆ. ಇಷ್ಟೆಲ್ಲ ಹೇಳಿದ ಪುಣ್ಯಾತ್ಮನಿಗೆ ಗಾಡಿ ಹೊಡೆಯಲು ಮಾತ್ರ ಬರುತ್ತಿರಲಿಲ್ಲ. ಅವನ ಸವಾರಿಯೆಲ್ಲ ಸೈಕಲ್ಲಿನ ಮೇಲೆಯೇ.

ಡಬ್ಬಿಯನ್ನು ಮೊದಲು ಕೂರಿಸಿದ್ದು ನನ್ನ ಅಂಬಾಸಿಡರಿಗೆ. ಡ್ರೈವರುಗಳ ಪರೀಕ್ಷೆ ಸರಳ. ಬಂಕಿನಲ್ಲಿ ಟ್ಯಾಂಕಿನ ಕುತ್ತಿಗೆವರೆಗೆ ಡೀಸೆಲ್ ತುಂಬಿಸುವುದು, ಒಂದು ದೊಡ್ಡ ಬಾಡಿಗೆಯಷ್ಟು ದೂರ ಹೋಗಿ ಬರುವುದು, ಅದೇ ಪಂಪಿನಲ್ಲಿ ಮತ್ತೆ ಕುತ್ತಿಗೆವರೆಗೆ ತುಂಬಿಸುವುದು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟೇ ಉರಿದದ್ದು. ಹುನಗುಂದ, ಅಮೀನಗಡ ದಾಟಿ ಬಾದಾಮಿಗೆ ಹೋಗಿ ಬರೋಣವೆಂದು ಹೊರಟೆವು. ಬಸು ನನ್ನ ಪಕ್ಕದಲ್ಲಿ ಕೂತು ಬಾನೆಟ್ಟಿನ ಕಡೆ ಕಿವಿ ಕೊಟ್ಟಿದ್ದ. ಇಂಜಿನ್ನಿನ ಸದ್ದಿನಲ್ಲಿ ಗುಳ್ಳೆಯ ಸದ್ದು ಎಲ್ಲಿ ಕೇಳಬೇಕು? ಅವನಿಗೆ ಕೇಳುತ್ತಿತ್ತಂತೆ!

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಗಾಡಿಯಲ್ಲಿ ಬಾಡಿಗೆ ಜನ ಇದ್ದಾಗ ನಾನು ಇಳಿಜಾರಿನಲ್ಲಿ ಯಾವತ್ತೂ ನ್ಯೂಟ್ರಲ್ ಮಾಡಿದವನಲ್ಲ. ಗೇರು ತಪ್ಪಿಸಿದರೆ ಗಾಡಿ ತನ್ನ ಭಾರಕ್ಕೆ ತಾನೇ ಉರುಳುತ್ತದೆ, ಎಣ್ಣೆ ಉಳಿಯುತ್ತದೆ, ಖರೆ. ಆದರೆ ಬ್ರೇಕೊಂದನ್ನೇ ನಂಬಿ ಮಂದಿಯ ಜೀವ ಕೈಯಲ್ಲಿ ಹಿಡಿಯಬೇಕು. ಆ ದಿನ ಮಾತ್ರ ಇಳಿಜಾರು ಬಂದಲ್ಲೆಲ್ಲ ನ್ಯೂಟ್ರಲ್ ಮಾಡಿದೆ. ಎಕ್ಸಿಲೇಟರ್ ಮೇಲೆ ಕಾಲನ್ನು ಹೂವಿನಂತೆ ಇಟ್ಟೆ. ಯಾರನ್ನೂ ಓವರ್‌ಟೇಕ್ ಮಾಡಲಿಲ್ಲ, ಎತ್ತಿನ ಬಂಡಿಯ ಹಿಂದೆಯೂ ಸುಮ್ಮನೆ ಹೋದೆ. ಯಾಕೆ? ಹೊರಡುವಾಗ ಮಹಾದೇವಿ ಹೊಸ್ತಿಲಲ್ಲಿ ನಿಂತು ತಮ್ಮನ ಹಣೆಗೆ ವಿಭೂತಿ ಹಚ್ಚಿದ್ದಳು. ಅವನ ಮುಖ ನೋಡಿ ನನಗೆ — ಇಲ್ಲ, ಇದನ್ನು ಪ್ರೀತಿ ಎಂದು ಕರೆದು ಜಾರಿಕೊಳ್ಳುವುದು ಬೇಡ. ಮಾಡಿದೆ, ಅಷ್ಟೇ.

ತಿರುಗಿ ಬಂದಾಗ ಬಂಕಿನಲ್ಲಿ ಟ್ಯಾಂಕು ಎಂದಿಗಿಂತ ಬೇಗನೆ ತುಂಬಿತು. ಬಸು ನನ್ನ ಬಾಯನ್ನೇ ನೋಡುತ್ತಿದ್ದ.

“ಫರಕ್ ಐತಿ, ಬಸು,” ಎಂದೆ. “ಭಾಳ ಫರಕ್ ಐತಿ.”

ಅವನು ಅಲ್ಲೇ, ಎಣ್ಣೆ ಚೆಲ್ಲಿದ ನೆಲದಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿದ.

ಅದಾದ ಮೇಲೆ ಭಕ್ತರನ್ನು ಕೂಡಲಸಂಗಮಕ್ಕೆ ಕರೆದೊಯ್ದಾಗ ಎಂದಿನಂತೆ ಗೇರಿನಲ್ಲೇ ಹೊಡೆದೆ. ಡಬ್ಬಿ ಗುಳ್ಳೆ ಬಿಡುತ್ತಲೇ ಇತ್ತು. ಆವರೇಜು ಹಳೆಯದೇ ಬಂತು. ಮತ್ತೆ ನೋಡಿದೆ. ಅದೇ. ಯೋಚಿಸಿದರೆ ನನ್ನಂಥವನಿಗೂ ತಿಳಿಯುವ ಮಾತು ಅದು. ಬ್ಯಾಟರಿಗೆ ಕರೆಂಟು ಕೊಡುವುದು ಡೈನಮೋ, ಡೈನಮೋ ತಿರುಗಿಸುವುದು ಇಂಜಿನ್ನು, ಇಂಜಿನ್ನು ಕುಡಿಯುವುದು ಅದೇ ಡೀಸೆಲ್ಲು. ಡೀಸೆಲ್ ಸುಟ್ಟು ಗ್ಯಾಸು ಮಾಡಿ, ಆ ಗ್ಯಾಸಿನಿಂದ ಡೀಸೆಲ್ ಉಳಿಸುತ್ತೇನೆ ಎಂದರೆ ಉಳಿಯುವುದು ಎಲ್ಲಿಂದ? ನಾಳೆ ಬಸುಗೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅವನು ಮೋಟಾರು ಕೆಲಸ ಬಿಟ್ಟು, ಬಾಡಿಗೆಗೆ ಒಂದು ಖೋಲಿ ಹಿಡಿದು ಡಬ್ಬಿ ಮಾಡಲು ಕೂತಿದ್ದ.

ಸ್ಟ್ಯಾಂಡಿನ ಹಿರಿಯ ಡ್ರೈವರು ರಾಜೇಸಾಬ ಒಂದು ದಿನ ಎಲ್ಲರೆದುರು ನನ್ನನ್ನು ನಿಲ್ಲಿಸಿ ಕೇಳಿದ.

“ನಿನ್ನ ಹೆಣ್ತಿ ತಮ್ಮ ಅಂತ ಹೇಳಾಕತ್ತೀಯೋ, ಖರೇನ ಹೇಳಾಕತ್ತೀಯೋ? ಲಿಂಗಾ ಮುಟ್ಟಿ ಹೇಳು, ನಾವೂ ಹಾಕಸ್ತೀವಿ.”

ಲಿಂಗ ಮುಟ್ಟಿ ಹೇಳಿದ ಮೇಲೆ ನಮ್ಮಲ್ಲಿ ಎರಡನೆಯ ಪ್ರಶ್ನೆ ಇಲ್ಲ. ಅಂಗಿಯ ಮೇಲಿಂದಲೇ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿದೆ. “ಫರಕ್ ಐತಿ,” ಎಂದೆ.

ಸ್ಟ್ಯಾಂಡಿನ ಬಹಳ ಗಾಡಿಗಳಿಗೆ ಡಬ್ಬಿ ಬಂತು. ಸ್ವಲ್ಪ ದಿನಕ್ಕೇ ಜಗಳವೂ ಬಂತು. ಯಾರ ಗಾಡಿಗೂ ಫರಕ್ಕಿಲ್ಲ. ಆಗ ಅವರು ಹಾಕಿದ ಲೆಕ್ಕ ಕೇಳಿ: ಲಿಂಗ ಮುಟ್ಟಿ ಹೇಳಿದವನು ಸುಳ್ಳಾಡಲಾರ; ಹಾಗಾದರೆ ಬಸ್ಯಾ ತನ್ನ ಅಕ್ಕನ ಗಂಡನಿಗೆ ಅಸಲು ಡಬ್ಬಿ ಕೊಟ್ಟಿದ್ದಾನೆ, ನಮಗೆ ನಕಲಿ ಕಟ್ಟಿದ್ದಾನೆ! ನನ್ನ ಆಣೆಯೇ ಅವನ ಮೇಲಿನ ದೂರು ಆಯಿತು. ಅವನ ಖೋಲಿಯ ಮುಂದೆ ಡಬ್ಬಿಗಳನ್ನು ಎಸೆದರು. ನನಗೆ ಮಾತ್ರ ಚಹಾ ತರಿಸಿಕೊಟ್ಟು, “ನಿನ್ನದೇನ್ ತಪ್ಪಿಲ್ಲ ಬಿಡು,” ಎಂದರು. ನಾನು ಆ ಚಹಾ ಕುಡಿದೆ.

ಬಸುವಿನ ಲೆಕ್ಕವೂ ಅದೇ ದಾರಿ ಹಿಡಿದಿತ್ತು. ತಾನು ಮೋಸ ಮಾಡಿಲ್ಲವೆಂದು ಅವನಿಗೆ ಗೊತ್ತು. ಆದ್ದರಿಂದ ಉಳಿದ ಡಬ್ಬಿಗಳಲ್ಲಿ ತನ್ನ ಕೈಯೇ ಎಲ್ಲೋ ತಪ್ಪಿದೆ ಎಂದು ನಂಬಿದ. ಒಂದು ದಿನ ನಟ್ಟು ಬಿಚ್ಚುವ ಪಾನಾ ಹಿಡಿದು ನಮ್ಮ ಮನೆಗೆ ಬಂದ.

“ಮಾಮಾ, ನಿಮ್ಮ ಗಾಡ್ಯಾಗಿಂದು ಒಮ್ಮೆ ಬಿಚ್ಚಿ ನೋಡ್ಲೇನ್ರಿ? ಅದ್ರಾಗ ಏನ್ ಸರಿಯಾಗೇತಿ ಅನ್ನೂದು ನನಗ ತಿಳೀವಲ್ದು.”

ಅಂಗಳದಲ್ಲಿ ಅದನ್ನು ಬಿಚ್ಚಿ, ತಗಡುಗಳನ್ನು ಗೋಣಿಚೀಲದ ಮೇಲೆ ಹರವಿ, ಒಂದೊಂದನ್ನೂ ತಿರುಗಿಸಿ ನೋಡಿದ. ಎಲ್ಲ ಉಳಿದವುಗಳಂತೆಯೇ ಇದ್ದವು. ಪಕ್ಕದ ಕಟ್ಟೆಯ ಮೇಲೆ ನಾನು ಕೂತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರೂ ಕೊಡಲಾರ. ನಾನು ಹೇಳಿದ್ದು ಇಷ್ಟೇ: “ಸೋಡಾ ಕಮ್ಮಿ ಬಿದ್ದಿರಬೇಕು ನೋಡು.”

ಏನಾದರೂ ಅನ್ನಬೇಕಲ್ಲ ಎಂದು ಅಂದ ಮಾತು. ಅವನು ಅದನ್ನು ವೇದವಾಕ್ಯವೆಂದು ಹಿಡಿದ. ಸೋಡಾ ಹೆಚ್ಚಿಸಿದ, ಮತ್ತೆ ಹೆಚ್ಚಿಸಿದ. ಡಬ್ಬಿ ಕಾದು ಮುಚ್ಚಳ ಹಾರಿ ಸೋಡಾ ನೀರು ಮುಖಕ್ಕೆ ಚಿಮ್ಮಿತು. ಬಾಗಲಕೋಟೆಯ ದವಾಖಾನೆಯಲ್ಲಿ ಎಡಗಣ್ಣು ಉಳಿಯಲಿಲ್ಲ. ಸ್ಟ್ಯಾಂಡಿನವರು ‘ಮಾಡಿದ್ದುಣ್ಣೋ ಮಹಾರಾಯ’ ಎಂದರು. ಮಾಡಿದವನು ಅವರ ನಡುವೆಯೇ ಕೂತು ಪೇಪರು ಓದುತ್ತಿದ್ದ.

ಮಹಾದೇವಿ ದವಾಖಾನೆಯಲ್ಲೇ ತಮ್ಮನ ಮೇಲೆ ಹರಿಹಾಯ್ದಳು. “ನಿನ್ನ ಹುಚ್ಚಿಗೆ ನಿನ್ನ ಕಣ್ಣೂ ಹೋತು, ನಮ್ಮ ಮನೆತನದ ಹೆಸರೂ ಹೋತು. ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ.” ಅಲ್ಲಿಯವರೆಗೆ ಪ್ರತಿ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರುತ್ತಿದ್ದ ಅವನು ಮುಂದೆ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳು ತವರಿಗೆ ಹೊರಟು ನಿಂತ ದಿನ ನನ್ನ ಹೆಂಡತಿ ಕದ ಮುಂದಕ್ಕೆಳೆದುಕೊಂಡು ಒಳಗೇ ಇರುತ್ತಿದ್ದಳು. ನಾನು ಬೇಕಂತಲೇ ಆ ದಿನ ದೂರದ ಬಾಡಿಗೆ ಹಿಡಿಯುತ್ತಿದ್ದೆ.

ಬಸು ಈಗ ಬಾಗಲಕೋಟೆಯ ನವನಗರದಲ್ಲಿ ಮೋಟಾರು ಕಟ್ಟುವ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಮತ್ತೆ ಡಬ್ಬಿ ಮಾಡಲು ಕೂತಿದ್ದಾನೆಂದು ಹೋದ ತಿಂಗಳು ಸುದ್ದಿ ಬಂತು. ಉಳಿದ ಒಂದು ಕಣ್ಣು, ಅದೇ ಸೋಡಾ. ಇನ್ನು ಸುಮ್ಮನಿರಲಾಗಲಿಲ್ಲ. ಹೋದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ — ನ್ಯೂಟ್ರಲ್ ಅಂದರೆ ಏನು ಎಂಬುದರಿಂದ ಹಿಡಿದು ಆ ಡಬ್ಬಿಯಿಂದ ಎಣ್ಣೆ ಉಳಿಯುವುದೇ ಇಲ್ಲ ಎಂಬುದರವರೆಗೆ. ಬೈಯುತ್ತಾನೆ, ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ತಯಾರಾಗಿ ಹೋಗಿದ್ದೆ. ಅವನು ತಾಮ್ರದ ತಂತಿಯನ್ನು ಬೆರಳಿಗೆ ಸುತ್ತುತ್ತ ಕೇಳಿದ.

“ಹಂಗಾದ್ರ ನನ್ನ ಕೈ ಎಲ್ಲೂ ತಪ್ಪಿರ್ಲಿಲ್ಲ, ಮಾಮಾ?”

“ಇಲ್ಲಪ್ಪಾ.”

ಅವನ ಮುಖ ಒಂದು ಕ್ಷಣ ಅರಳಿತು. ಇಷ್ಟು ವರ್ಷ ಅವನಿಗೆ ಕಣ್ಣಿಗಿಂತ ಹೆಚ್ಚು ನೋವು ಕೊಟ್ಟದ್ದು ಅದೇ ಎಂದು ನನಗೆ ಆಗ ತಿಳಿಯಿತು. ಆಮೇಲೆ ಕೇಳಿದ: “ಅಕ್ಕಗ ಗೊತ್ತೈತೇನ್ರಿ?”

ಇಲ್ಲ ಎಂದೆ.

“ಹೇಳಬ್ಯಾಡ್ರಿ. ತಮ್ಮ ಅಂತೂ ಇಲ್ಲದಂಗಾತು. ಆಕಿಗೆ ಗಂಡನಾದ್ರೂ ಇರ್ಲಿ.”

ಅವನು ಹಾಗೆ ಅಂದದ್ದರಿಂದ ನನಗೆ ಎಷ್ಟು ಅನುಕೂಲವಾಯಿತು ನೋಡಿ. ದಾರಿಯುದ್ದಕ್ಕೂ ಆ ಮಾತನ್ನು ಹಿಡಿದುಕೊಂಡೇ ಬಂದೆ. ಅವನೇ ಬೇಡ ಎಂದನಲ್ಲ, ಇನ್ನೇನು, ಎಂದು. ಹುನಗುಂದ ದಾಟುವಾಗ ನನ್ನ ಮೇಲೆ ನನಗೇ ಹೇಸಿಕೆ ಬಂತು. ಇಂದು ಮಹಾದೇವಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ, ಸದ್ದು ಕೇಳುತ್ತಿದೆ. ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಅವಳಿಗೇ ಓದಿ ಹೇಳುತ್ತೇನೆ. ಆಮೇಲೆ ಅವಳು ಗಾಡಿಯಲ್ಲಿ ಕೂತು ಬಾಗಲಕೋಟೆಗೆ ನಡೆ ಎಂದರೆ ಒಯ್ದು ಬಿಡುತ್ತೇನೆ. ತಿರುಗಿ ಬರುವೆಯಾ ಎಂದು ಮಾತ್ರ ಕೇಳುವುದಿಲ್ಲ.