ಇಟ್ಟಂಗಿ ಕಾರ್ಖಾನೆಯ ದೊಡ್ಡಿ

ಜೇವರ್ಗಿಯಿಂದ ಬೆಳಗಿನ ಬಸ್ಸಿಗೆ ಹೊರಟು ಕಲಬುರಗಿ ಮುಟ್ಟಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಅವ್ವನೂ ನಾನೂ ಚುರುಮುರಿ ಸುಸಲಾ, ಮಿರ್ಚಿಭಜಿ ತಿಂದು ಅಫಜಲಪುರದ ಬಸ್ಸು ಹತ್ತಿದೆವು. ಹೆಂಗಸರಾದ್ದರಿಂದ ಟಿಕೆಟ್ಟಿನ ಖರ್ಚಿರಲಿಲ್ಲ. ಭೀಮಾ ದಂಡೆಯ ಹಳೆಯ ಇಟ್ಟಂಗಿ ಕಾರ್ಖಾನೆಯಲ್ಲಿ ಅವ್ವನ ಅಪ್ಪ, ಅವ್ವ ಇಬ್ಬರೂ ಕೂಲಿಗಳು. ಅವಳು ಹುಟ್ಟಿದ್ದು ಅಲ್ಲಿನ ಸಾಲುಮನೆಯಲ್ಲಿ. ಹಾಳುಬಿದ್ದಿದ್ದ ಜಾಗಕ್ಕೆ ಮಾಲೀಕರ ಮೊಮ್ಮಕ್ಕಳು ಸುಣ್ಣಬಣ್ಣ ಬಳಿದು ನೋಡುವವರಿಗೆ ತೆರೆದಿದ್ದಾರೆಂದು ಕೇಳಿದಾಗಿನಿಂದ ಒಂದೇ ಹಟ: "ನಾ ಹುಟ್ಟಿದ ಖೋಲಿ ಒಮ್ಮೆ ತೋರಿಸವ್ವ."

ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗುವ ಭಕ್ತರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಅವ್ವ ಕಾರ್ಖಾನೆಯ ಹಳೆಯ ಮಾತು ತೆಗೆದಳು. ಕಟ್ಟಿಗೆಯ ಸಾಂಚಾಕ್ಕೆ ಕೆಸರು ತುಂಬಿ ನೆಲಕ್ಕೆ ಬೋರಲು ಹಾಕುವುದು, ಬಿಸಿಲಿಗೆ ಒಣಗಿಸುವುದು, ಭಟ್ಟಿಗೆ ಹೊರುವುದು. ಹೊತ್ತು ಮುಳುಗಿದ ಮೇಲೆ, ಕೂಲಿಗಳು ಓಡಿಹೋಗಬಾರದೆಂದು ಸಾಲುಮನೆಗಳ ಬಾಗಿಲಿಗೆ ಮುನೀಮ ಹೊರಗಿನಿಂದ ಕೀಲಿ ಜಡಿಯುತ್ತಿದ್ದನಂತೆ. ಅದಕ್ಕೇ ಆ ಜಾಗಕ್ಕೆ ದೊಡ್ಡಿ ಎಂದು ಹೆಸರು. ನಮ್ಮವರಿಗೂ ಹಾಗೇ ಕರೆದು ರೂಢಿಯಾಗಿತ್ತು. ಹೇಳುವ ಅವ್ವನಿಗೆ ಸಿಟ್ಟಿರಲಿಲ್ಲ, ಕೇಳುತ್ತಿದ್ದ ನನಗೆ ಮೈ ಉರಿಯಿತು.

ಗೇಟಿನೆದುರು ಬಸ್ಸಿಳಿದು ಒಳಹೊಕ್ಕರೆ, ಗೋದಾಮಿನ ಮುಂದೆ ಕಾರ್ಖಾನೆಯ ಇತಿಹಾಸದ ದೊಡ್ಡ ಫಲಕವಿತ್ತು. ಚಿಮಣಿಯ ಮೇಸ್ತ್ರಿಯನ್ನು ಎಲ್ಲಿಂದ ಕರೆಸಿದರು, ತೊಲೆಗಳಿಗೆ ಸಾಗುವಾನಿ ಎಲ್ಲಿಂದ ಬಂತು, ಭಟ್ಟಿ ಆರಿದ ಮೇಲೆ ಗೋದಾಮಿನಲ್ಲಿ ತೊಗರಿ ತುಂಬಿದ್ದು, ಎಲ್ಲ ಬರೆದಿದ್ದರು. ಸಾಹುಕಾರರ ಕುದುರೆಯ ಹೆಸರು ಕೂಡ ಇತ್ತು. ಇಟ್ಟಂಗಿ ಹೊಯ್ದವರ ಬಗ್ಗೆ ಒಂದು ಮಾತಿಲ್ಲ! ಕುದುರೆಗಿಂತ ಕಡೆಯಾದರೇ ನನ್ನ ಅಜ್ಜ, ಅಜ್ಜಿ?

ಹಿಂದಿನ ಸಾಲುಮನೆಗಳ ಎದುರು ಸಣ್ಣದೊಂದು ಫಲಕ: "ದೊಡ್ಡಿ. ಕಾರ್ಖಾನೆಯ ದನ ಇಲ್ಲಿ ಇರುತ್ತಿದ್ದವು."

ಅವ್ವನಿಗೆ ಓದು ಬರದು. "ಏನ್ ಬರದಾರ?" ಎಂದಳು. ಓದಿ ಹೇಳಿದೆ. ಅವಳು ಖೋಲಿಗಳ ಕಡೆ ನಡೆದಳು.

ಅಲ್ಲಿನ ಮ್ಯಾನೇಜರನನ್ನು ಕರೆದು, ಹೀಗೇಕೆ ಬರೆದಿರಿ ಎಂದು ಕೇಳಿದೆ. "ದೊಡ್ಡಿ ಅಂತ ಮಾಲಕರು ಹೇಳಿದ್ರಿ. ದೊಡ್ಡಿ ಅಂದ್ರ ದನಾನ ಅಲ್ರಿ ಮತ್ತ?" ಎಂದ.

"ದನ ಒಲಿ ಹಚ್ಚಿ ರೊಟ್ಟಿ ಬಡಿತಾವೇನ್ರಿ?" ಒಳಗೋಡೆಯ ಹೊಗೆಯ ಕರಿ ತೋರಿಸಿ ಕಿರುಚಿದೆ.

"ಮಾಲಕರನ್ನ ಕೇಳಿ ಮುಂದ ನೋಡೂಣ್ರಿ," ಎಂದು ಆಫೀಸಿನ ಕಡೆ ಹೊರಟೇಬಿಟ್ಟ.

ಅಷ್ಟರಲ್ಲಿ ಅವ್ವ ಕೊನೆಯ ಖೋಲಿಗೆ ಹೋಗಿ ಗೋಡೆ ಮುಟ್ಟುತ್ತ ನಿಂತಿದ್ದಳು. "ಇಲ್ಲೇ ಹುಟ್ಟೀನಿ. ನಮ್ಮವ್ವ ಸತ್ತದ್ದೂ ಇಲ್ಲೇ." ಹೊರಗೆ ಬಂದವಳು ನೆಲದಲ್ಲಿ ಬಿದ್ದ ಇಟ್ಟಂಗಿ ಚೂರೊಂದನ್ನು ಆರಿಸಿ ನನ್ನ ಕೈಗಿಟ್ಟಳು. "ಆ ಸುಳ್ಳ ತೆಗಿ."

ಹೈಸ್ಕೂಲಿನಲ್ಲಿ ಮಕ್ಕಳ ಕನ್ನಡ ತಿದ್ದುವ ಕೈ ನನ್ನದು. ದನದ 'ದ' ಕೆರೆದು 'ಜ' ಬರೆದೆ. ಅಷ್ಟು ಸಾಲಲಿಲ್ಲ, ಕ್ರಿಯಾಪದ ಇನ್ನೂ ದನದ್ದೇ ಇತ್ತು. 'ವು' ಕೆರೆದು 'ರು' ಮಾಡಿದೆ. ಅವ್ವನಿಗೆ ಜೋರಾಗಿ ಓದಿ ಹೇಳಿದೆ: ಕಾರ್ಖಾನೆಯ ಜನ ಇಲ್ಲಿ ಇರುತ್ತಿದ್ದರು.

ಮರಳುವ ಬಸ್ಸಿನ ಹೊತ್ತಾಗಿತ್ತು. ಗೇಟು ದಾಟುವಾಗ ತಿರುಗಿ ನೋಡಿದರೆ ಮ್ಯಾನೇಜರ ಬಕೆಟ್ಟು, ಒದ್ದೆ ಅರಿವೆ ಹಿಡಿದು ಸಾಲುಮನೆಗಳ ಕಡೆ ನಡೆದಿದ್ದ. ಅವ್ವನೂ ನೋಡಿದಳು. ಬಸ್ಸು ಹಾರ್ನು ಹೊಡೆಯುತ್ತಿದ್ದರೂ ಕಿವಿಗೊಡದೆ ಬಿರಬಿರನೆ ಹಿಂದಿರುಗಿ, ಅವನಿಗಿಂತ ಮೊದಲೇ ಹೋಗಿ ಫಲಕಕ್ಕೆ ಬೆನ್ನು ಕೊಟ್ಟು ಕುಳಿತಳು.

"ಲೇ, ಈಗ ಒರಸು ನೋಡೂಣ."