ಜಗದಾಂಬಾ ಮೇಡಂ ಬಳಿಯುವ ಪೊರೆ

ದೀಪಾಂಜಲಿ ನಗರದ ಸೆನ್ಸರ್ ಕಾರ್ಖಾನೆಯಲ್ಲಿ ಜಗದಾಂಬಾ ಮೇಡಂ ಪೊರೆ ಬಳಿಯಲು ಕೂತರೆ ಫ್ಯಾನಿಗೂ ತಿರುಗುವ ಧೈರ್ಯವಿಲ್ಲ. ರಕ್ತದ ಸಕ್ಕರೆ ಅಳೆಯುವ ಕೂದಲೆಳೆಯಂಥ ತಂತಿಯನ್ನು ಪಾಲಿಮರ್ ದ್ರಾವಣದಲ್ಲಿ ಅದ್ದಿ ಎತ್ತುವಷ್ಟು ಹೊತ್ತು ಅವರು ಉಸಿರೇ ಬಿಡೋದಿಲ್ಲ. ಪಕ್ಕದವರು ಸೀನಿದರೆ ಆ ದಿನದ ಮಾಲೆಲ್ಲ ಕಸದಬುಟ್ಟಿಗೆ. ಒಣಗಿದ ಪೊರೆಯನ್ನು ಭೂತಗನ್ನಡಿಯಲ್ಲಿ ಮೂರು ಸಲ ನೋಡಿ ಊಟಕ್ಕೆ ಎದ್ದವರು, ಅರ್ಧ ರೊಟ್ಟಿ ಬಿಟ್ಟು ಬಂದು ನಾಲ್ಕನೇ ಸಲ ನೋಡುತ್ತಾರೆ. ಸೂಜಿಮೊನೆಯಷ್ಟು ತೂತಿದ್ದರೂ ಸಕ್ಕರೆ ಅಳತೆ ಮೀರಿ ಒಳನುಗ್ಗಿ ಮೀಟರು ಇಲ್ಲದ ಏರಿಕೆ ತೋರಿಸುತ್ತೆ, ಅದನ್ನು ನಂಬಿ ಯಾರೋ ಇನ್ಸುಲಿನ್ ಹೆಚ್ಚು ಚುಚ್ಚಿಕೊಂಡು ಕುಸಿದುಬೀಳ್ತಾರೆ ಅನ್ನೋ ಭಯ ಎದೆಯಲ್ಲಿ ಸದಾ ಕುಟ್ಟುತ್ತಿರುತ್ತೆ. ಲಿಂಗಪೂಜೆ ಒಂದು ದಿನವೂ ತಪ್ಪಿಸದ ಹೆಂಗಸು, ಬೂದಿಯ ಕಣ ದ್ರಾವಣಕ್ಕೆ ಉದುರೀತೆಂದು ಹಣೆಗೆ ವಿಭೂತಿ ಹಚ್ಚುವುದು ಮಾತ್ರ ಸಂಜೆ ಮನೆಗೆ ಬಂದ ಮೇಲೆ. "ಶಿವ ಕ್ಷಮಿಸ್ತಾನೆ, ಸಕ್ಕರೆ ಕ್ಷಮಿಸಲ್ಲ" ಅಂತಾರೆ. ದಿನಾ ಬೆಳಗ್ಗೆ ಎಂಟು ವರ್ಷದ ಮಗಳು ವಚನಾಳ ತೋಳಿಗಂಟಿಸಿದ ಅದೇ ಸೆನ್ಸರಿನ ಅಂಕಿ ನೋಡಿದ ಮೇಲೂ ಅವಳ ಬೆರಳು ಚುಚ್ಚಿ ಇನ್ನೊಮ್ಮೆ ಪರೀಕ್ಷಿಸುತ್ತಾರೆ. "ನೋಯುತ್ತಮ್ಮ! ಇದನ್ನ ಮಾಡಿದ್ದು ನೀನೇ ಅಲ್ವಾ?" ಅಂತ ಮಗು ಕೈ ಎಳೆದುಕೊಂಡರೆ, ರಕ್ತದ ಹನಿ ಒರೆಸುತ್ತಾ ಮೆಲ್ಲಗೆ ಹೇಳುತ್ತಾರೆ: "ಅದಕ್ಕೇ ಕಣೇ."