ಕಣ್ಣು ಮುಚ್ಚಿ ಆಡಿದ ಚದುರಂಗ

ಚದುರಂಗದ ಹಲಗೆಯ ಮೇಲೆ ನನ್ನ ಒಂಟೆಯನ್ನು ಹೊರಗೆ ತಂದು, ಅದನ್ನಿಟ್ಟ ಮನೆಯ ಹೆಸರನ್ನು ಜೋರಾಗಿ ಕೂಗಿ ಹೇಳಿದೆ. ಎದುರಿಗಿದ್ದ ಹುಡುಗಿ ತನ್ನ ಪುಟ್ಟ ಹಲಗೆಯ ಮೇಲಿನ ಕಾಯಿಗಳನ್ನು ಬೆರಳಿನಿಂದ ಸವರುತ್ತಾ ನಕ್ಕಳು.

"ಮೆಲ್ಲಗ್ ಹೇಳಿ ಅಕ್ಕ. ಕಣ್ಣಷ್ಟೇ ಕಾಣಾಕಿಲ್ಲ, ಕಿವಿ ಚೆನ್ನಾಗವೆ."

ಅದು ಹಿಂದೂಪುರದ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತು. ಗೆದ್ದವರಿಗೆ ರಾಜ್ಯಮಟ್ಟದಲ್ಲಿ ಆಡುವ ಅವಕಾಶವಿತ್ತು. ಕಲ್ಯಾಣದುರ್ಗದಿಂದ ಬಂದಿದ್ದ ಅವಳಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ; ಕಾಯಿಗಳನ್ನು ಮುಟ್ಟಿ ತಿಳಿಯಲು ತನ್ನದೇ ಬೇರೆ ಹಲಗೆ ಇಟ್ಟುಕೊಂಡಿದ್ದಳು. ನಾನು ಆಡುತ್ತಿದ್ದದ್ದು ಇಟಾಲಿಯನ್ ಓಪನಿಂಗ್ ಎಂಬ ಆರಂಭದ ವರಸೆ. ಅದನ್ನು ನಂಬಿಯೇ ಇಷ್ಟು ವರ್ಷ ಗೆದ್ದವಳು ನಾನು. ಅವಳು ಎಷ್ಟೋ ಸಲ ಹಲಗೆಯನ್ನೂ ಮುಟ್ಟದೆ ಒಂದೊಂದು ನಡೆಗೂ ಉತ್ತರ ಕೊಡುತ್ತಿದ್ದಳು.

"ಎಲ್ಲಾ ಕಾಯಿ ಹೆಂಗೆ ನೆನಪಿರ್ತವೆ?" ಎಂದು ಪಿಸುಗುಟ್ಟಿದೆ.

"ನಮ್ಮ ಬೀದಿ ಇದ್ದಂಗೆ ಕಣಕ್ಕ. ಯಾವ್ ಮನೇಲಿ ಯಾರವ್ರೆ ಅಂತ ಗೊತ್ತಿರಾಕಿಲ್ವಾ?"

ಕುತೂಹಲದಿಂದ ನಾನೂ ಕಣ್ಣು ಮುಚ್ಚಿದೆ. ಫ್ಯಾನಿನ ಸದ್ದು ಎಲ್ಲೋ ದೂರ ಹೋಯಿತು. ಕತ್ತಲಲ್ಲಿ ಮನೆಗಳು ಒಂದೊಂದಾಗಿ ಬೆಳಗಿದವು. ನನ್ನ ಕುದುರೆ ನಿಧಾನವಾಗಿ ಓಣಿ ದಾಟಿ ಹೋಗುತ್ತಿತ್ತು. ಅದರ ಹಿಂದೆಯೇ ನಾನೂ ನಡೆಯುತ್ತಿದ್ದೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು.

"ಅಕ್ಕ, ಮಲಗ್ಬುಟ್ರಾ?"

ಕಣ್ಣು ಬಿಟ್ಟರೆ ಗಡಿಯಾರದಲ್ಲಿ ನನ್ನ ಸಮಯ ಮುಗಿಯುತ್ತಾ ಬಂದಿತ್ತು. ಅವಸರಕ್ಕೆ ಬಿದ್ದು ಮಂತ್ರಿಯನ್ನು ಕಳೆದುಕೊಂಡೆ, ಸೋತೆ. ಕೈ ಕುಲುಕಿದಾಗ ಅವಳ ಅಂಗೈ ಪೂರ್ತಿ ಬೆವತಿತ್ತು. ಆಗಲೇ ನನಗೆ ಗೊತ್ತಾದದ್ದು, ಅವಳಿಗೂ ಇಡೀ ಹೊತ್ತು ಭಯವಿತ್ತು ಎಂದು.

ಈಗ ಸಂಜೆ ಹೊತ್ತು ನಾನು ಅಡುಗೆಮನೆಯಿಂದ ನನ್ನ ನಡೆ ಹೇಳುತ್ತೇನೆ; ನನ್ನ ಯಜಮಾನರು ಮಗ್ಗದ ಮುಂದೆ ಕೂತೇ ಉತ್ತರ ಕೊಡುತ್ತಾರೆ. ನಮ್ಮ ನಡುವೆ ಹಲಗೆಯೇ ಇರುವುದಿಲ್ಲ.